ಕಹಿ ಸೌತೆಕಾಯಿ

ಐಸ್ ಮೆಷಿನ್ನಿನ ಹಣೆಯ ಮೇಲೆ ಸಾಸಿವೆ ಕಾಳಿನಷ್ಟು ಕೆಂಪು ದೀಪ ಹತ್ತಿಕೊಂಡಾಗ ನಲ್ಲಿ ಸಾರ್ ಅಡುಗೆಮನೆಯ ಸಿಂಕಿನ ಮುಂದೆ ನಿಂತು ಹಲ್ಲುಜ್ಜುತ್ತಿದ್ದರು. ಮೊದಲಿಗೆ ಅದನ್ನು ಒಳ್ಳೆಯ ಲಕ್ಷಣವೆಂದೇ ಎಣಿಸಿದರು. ಸಂಜೆ ನಲವತ್ತು ಲೋಟ ಶರಬತ್ತಿಗೆ ಐಸ್ ಬೇಕೆಂಬುದು ಯಂತ್ರಕ್ಕೂ ತಿಳಿದು, ಅದು ಟೊಂಕ ಕಟ್ಟಿ ನಿಂತಿದೆ ಎಂದುಕೊಂಡರು. ಕಾಲು ಗಂಟೆ ಕಳೆಯಿತು. ಒಂದು ತುಂಡೂ ಬೀಳಲಿಲ್ಲ. ಯಂತ್ರ ಮುನಿಸಿಕೊಂಡ ಅಳಿಯನ ಹಾಗೆ ಮುಖ ಕೆಂಪಗೆ ಮಾಡಿಕೊಂಡು ಮೂಲೆಯಲ್ಲಿ ಕೂತೇ ಇತ್ತು.

"ರೀ, ಅದು ಫಿಲ್ಟರ್ ಕೇಳ್ತಿದೆ," ಎಂದಳು ಹೆಂಡತಿ, ನಿಂಬೆಹಣ್ಣುಗಳನ್ನು ಒಂದೊಂದಾಗಿ ಒತ್ತಿ ನೋಡುತ್ತಾ.

ನಲ್ಲಿ ಸಾರ್ ಬಾಯಲ್ಲಿದ್ದ ನೊರೆಯನ್ನು ನುಂಗಿಬಿಟ್ಟರು. "ಏನು ಕೇಳ್ತಿದೆ?"

"ಫಿಲ್ಟರ್. ನಾಲ್ಕು ತಿಂಗಳಿಗೊಂದ್ಸಲ ಹೊಸದು ಹಾಕ್ಬೇಕಂತೆ. ಹಾಕೋವರೆಗೆ ಐಸ್ ಕೊಡಲ್ವಂತೆ. ತಮ್ಮ ಹೇಳಿದ್ದ."

"ಅದರೊಳಗೆ ಫಿಲ್ಟರ್ ಇದೆಯಾ?"

"ಇದೆ. ನಿಮಗೆ ಹೇಳಿದ್ರೆ ಆ ಐಸ್ ಮುಟ್ತಿದ್ರಾ ನೀವು? ಅದಕ್ಕೇ ಹೇಳ್ಲಿಲ್ಲ."

ಅವಳು ಯಂತ್ರದ ಬೆನ್ನಿನ ಮುಚ್ಚಳ ತೆಗೆದು, ಎಳೆ ಸೌತೆಕಾಯಿಯಷ್ಟು ಉದ್ದದ ಬಿಳಿ ಕೊಳವೆಯೊಂದನ್ನು ತಿರುಗಿಸಿ ಎಳೆದು ಅವರ ಅಂಗೈಯಲ್ಲಿಟ್ಟಳು. ನಲ್ಲಿ ಸಾರ್ ಅದನ್ನು ಸತ್ತ ಹಲ್ಲಿಯನ್ನು ನೋಡುವ ಹಾಗೆ ನೋಡಿದರು.

ಅವರ ಸಂಕಟ ತಿಳಿಯಬೇಕಾದರೆ ಅವರಿಗೆ ಆ ಹೆಸರು ಬಂದ ಬಗೆ ತಿಳಿಯಬೇಕು. ನಗರದ ನೀರು ಸರಬರಾಜು ಕಚೇರಿಯ ಲ್ಯಾಬಿನಲ್ಲಿ ಅವರು ಇಪ್ಪತ್ತಾರು ವರ್ಷಗಳಿಂದ ನೀರು ಪರೀಕ್ಷೆ ಮಾಡುತ್ತಿದ್ದರು. ಎರಡು ವರ್ಷದ ಹಿಂದೆ ಇದೇ ದಿನ ಬೆಳಗಿನ ಜಾವ ಬೀದಿಯ ಪೈಪು ಒಡೆದು ಚರಂಡಿ ನೀರು ಸೇರಿಕೊಂಡಿತ್ತು. ಲೋಟ ಬಾಯಿಗೆ ಹಿಡಿದ ಕ್ಷಣವೇ ವಾಸನೆ ಹಿಡಿದ ಸಾರ್ ಬನಿಯನ್ನು, ಟವೆಲ್ಲಿನಲ್ಲೇ ಕೆಳಗೋಡಿ ಕಟ್ಟಡದ ವಾಲ್ವ್ ಮುಚ್ಚಿ, ಹನ್ನೊಂದು ಮನೆಗಳ ಬಾಗಿಲನ್ನೂ ಬಡಿದು, "ಯಾರೂ ಒಂದು ತೊಟ್ಟೂ ಕುಡೀಬೇಡಿ" ಎಂದು ಸಾರಿದ್ದರು. ಅಕ್ಕಪಕ್ಕದ ಕಟ್ಟಡಗಳಲ್ಲಿ ಜನ ವಾರಗಟ್ಟಲೆ ಹಾಸಿಗೆ ಹಿಡಿದರು. ಇವರ ಕಟ್ಟಡದಲ್ಲಿ, ಟೈಲರ್ ಮನೆಯ ಮೂರು ತಿಂಗಳ ಅವಳಿ ಕೂಸುಗಳೂ ಸೇರಿ, ಯಾರಿಗೂ ಒಂದು ತೇಗು ಕೂಡ ಹೆಚ್ಚಾಗಿ ಬರಲಿಲ್ಲ.

ಪೈಪು ರಿಪೇರಿಯಾದ ಮೇಲೆ ಸಾರ್ ಮೆಟ್ಟಿಲ ಬುಡದಲ್ಲಿ ಒಂದು ಕರಿಹಲಗೆ ತೂಗುಹಾಕಿದರು. ದಿನಾ ಬೆಳಿಗ್ಗೆ ಗಾಜಿನ ನಳಿಗೆಯಲ್ಲಿ ನಲ್ಲಿ ನೀರು ಹಿಡಿದು, ಎರಡು ಹನಿ ಔಷಧಿ ಬಿಟ್ಟು, ಬಣ್ಣ ನೋಡಿ, ಅಲ್ಲಿ ಬರೆಯುತ್ತಿದ್ದರು: 'ಇಂದಿನ ನೀರು ಚೆನ್ನಾಗಿದೆ. ನಲ್ಲಿಯಿಂದಲೇ ಕುಡಿಯಿರಿ.' ಅಂದಿನಿಂದ ಇಡೀ ಕಟ್ಟಡಕ್ಕೆ ಅವರು ನಲ್ಲಿ ಸಾರ್. ಫಿಲ್ಟರ್ ಎಂಬ ಮಾತೆತ್ತಿದರೆ ಅವರಿಗೆ ಮೈ ಉರಿಯುತ್ತಿತ್ತು. "ಇಪ್ಪತ್ತಾರು ವರ್ಷದ ನನ್ನ ಕೆಲಸ ನಿಮಗೆ ಕಾಣಲ್ಲ, ಒಂದು ಪ್ಲಾಸ್ಟಿಕ್ ಡಬ್ಬ ಕಾಣುತ್ತೆ ಅಲ್ವಾ?" ಎನ್ನುತ್ತಿದ್ದರು. ಹಾಗಾಗಿ ಕಟ್ಟಡದ ಹನ್ನೆರಡು ಮನೆಗಳಲ್ಲಿ ಒಂದರಲ್ಲೂ ಫಿಲ್ಟರ್ ಕಣ್ಣಿಗೆ ಬೀಳುತ್ತಿರಲಿಲ್ಲ. ಅದೇ ಅವರ ಜನ್ಮದ ಹೆಮ್ಮೆ.

ಇಂದು ಸಂಜೆ ಐದೂವರೆಗೆ ಆ ಹನ್ನೊಂದು ಮನೆಯವರು ಸೇರಿ ತಾರಸಿಯ ಮೇಲೆ ಅವರಿಗೆ ಸನ್ಮಾನ ಇಟ್ಟುಕೊಂಡಿದ್ದರು.

ಐಸ್ ಮೆಷಿನ್ನು ಹೆಂಡತಿಯ ತಮ್ಮನ ಕೊಡುಗೆ. ಮನೆಬಳಕೆ ಯಂತ್ರಗಳ ಅಂಗಡಿ ಇಟ್ಟಿದ್ದ ಅವನು, ಯಾರೂ ಕೊಳ್ಳದ ಮಾಲನ್ನು ಪ್ರೀತಿಯಿಂದ ಅಕ್ಕನ ಮನೆಗೆ ಕಳಿಸುತ್ತಿದ್ದ. ಬಂದ ದಿನದಿಂದ ನಲ್ಲಿ ಸಾರ್ ಆ ಐಸಿಗೆ ಮರುಳಾಗಿದ್ದರು. ಮನೆಗೆ ಬಂದವರಿಗೆಲ್ಲ ಒಂದು ತುಂಡನ್ನು ಇಕ್ಕಳದಲ್ಲಿ ಎತ್ತಿ ಕಿಟಕಿಯ ಬೆಳಕಿಗೆ ಹಿಡಿದು, "ನೋಡಿ, ಕನ್ನಡಕದ ಗಾಜು ಇದ್ದ ಹಾಗಿದೆ. ಏನು ಹಾಕಿದೀವಿ ಇದಕ್ಕೆ? ಏನೂ ಇಲ್ಲ. ಬರೀ ನಮ್ಮ ನಲ್ಲಿ," ಎಂದು ತೋರಿಸುತ್ತಿದ್ದರು. ನಾಲ್ಕು ತಿಂಗಳಲ್ಲಿ ಇಡೀ ಕಟ್ಟಡಕ್ಕೆ ಹೀಗೆ ತೋರಿಸಿ ಮುಗಿದಿತ್ತು.

ಈಗ ಅವರು ಫಿಲ್ಟರನ್ನು ತಿರುಗಿಸಿ, ಕುಟ್ಟಿ, ಮೂಸಿ ನೋಡಿದರು. ಹೊಟ್ಟೆಗೆ ಸ್ವಲ್ಪ ಹಾಲು ಹೊಯ್ದಂತಾಯಿತು. "ನೋಡು, ನಾಲ್ಕು ತಿಂಗಳು ಕೂತು ಇದು ಹಿಡಿದಿರೋದು ಏನೂ ಇಲ್ಲ. ಬೆಳ್ಳಗೆ ಹಾಗೇ ಇದೆ. ನಾನು ಲ್ಯಾಬಲ್ಲಿ ಅಳತೆ ಮಾಡಿ ಹಾಕಿಸೋ ಕ್ಲೋರಿನ್ ತಿಂದ್ಕೊಂಡು ಬಿದ್ದಿದೆ, ಅಷ್ಟೇ. ಈ ದೀಪ ಕೊಳೆ ಎಣಿಸಲ್ಲ, ದಿನ ಎಣಿಸುತ್ತೆ."

"ಸರಿ, ಹಳೇದನ್ನೇ ವಾಪಸ್ ಹಾಕಿ."

ಹಾಕಿದರು. ದೀಪ ಹೋಗಲಿಲ್ಲ. ತೆಗೆದು ತೊಳೆದು ಹಾಕಿದರು. ತಲೆಕೆಳಗು ಮಾಡಿ ತುರುಕಿದರು. ಪ್ಲಗ್ ಕಿತ್ತು, ನೂರು ಎಣಿಸಿ, ಮತ್ತೆ ಹಾಕಿದರು. ದೀಪ ಅದೇ ಜಾಗದಲ್ಲಿ ಅವರನ್ನೇ ದಿಟ್ಟಿಸುತ್ತಿತ್ತು.

"ಹೋಗ್ಲಿ, ಅಂಗಡಿಯಿಂದ ಐಸ್ ತಂದ್ಬಿಡೋಣ," ಎಂದರು ಸಾರ್, ತಮ್ಮ ದನಿ ತಮಗೇ ಕೇಳಿಸದ ಹಾಗೆ.

"ನಮ್ಮ ಕಟ್ಟಡದ ಸೆಕ್ರೆಟರಿ ಅದನ್ನೇ ಹೇಳಿದಾಗ ನೀವೇನಂದ್ರಿ? 'ಹೊರಗಿನ ಐಸ್ ಯಾವ ಹೊಂಡದ್ದೋ ಏನೋ. ನಮ್ಮ ಮನೇಲೇ ಮಾಡ್ತೀವಿ. ಎಲ್ಲರೂ ನಮ್ಮ ನಲ್ಲೀದೇ ಕುಡೀಲಿ.' ಅವರು ಅದನ್ನ ಬಾಗಿಲು ಬಾಗಿಲಿಗೆ ಹೋಗಿ ಹೇಳಿದಾರೆ. ಈಗ ನೀವು ಐಸ್ ಗಡ್ಡೆ ಹೊತ್ಕೊಂಡು ಮೆಟ್ಟಿಲು ಹತ್ತಿ. ಅಜ್ಜಿ ಕೆಳಗೇ ಕೂತಿರ್ತಾರೆ."

ಮೆಟ್ಟಿಲಜ್ಜಿಯ ನೆನಪಾದದ್ದೇ ನಲ್ಲಿ ಸಾರ್ ಆ ಯೋಚನೆಯನ್ನು ಕೈಬಿಟ್ಟರು. ನೆಲಮಹಡಿಯಲ್ಲಿ ಒಬ್ಬರೇ ಇದ್ದ ಈ ಎಂಬತ್ತನಾಲ್ಕರ ಮುದುಕಿ ಬೆಳಗಾದರೆ ಮೆಟ್ಟಿಲ ಬುಡದಲ್ಲಿ ಬೆತ್ತದ ಕುರ್ಚಿ ಹಾಕಿ ಕೂರುತ್ತಿದ್ದರು. ಅವರ ಕಣ್ಣು ತಪ್ಪಿಸಿ ಒಂದು ಕೊತ್ತಂಬರಿ ಕಟ್ಟೂ ಮೇಲೆ ಹೋಗುತ್ತಿರಲಿಲ್ಲ.

ನಲ್ಲಿ ಸಾರ್ ಸ್ನಾನ ಮಾಡಿ, ನೀರು ಪರೀಕ್ಷಿಸಿ, ಕೆಳಗಿಳಿದು ಹಲಗೆಯ ಮೇಲೆ ಎಂದಿನಂತೆ ಬರೆದರು. ಇಂದು ಸೀಮೆಸುಣ್ಣ ಎರಡು ಸಲ ಮುರಿಯಿತು.

"ಯಾಕಪ್ಪ, ಇವತ್ತು ಸೀಮೆಸುಣ್ಣ ಪುಡಿ ಮಾಡ್ತಿದೀಯ?" ಎಂದರು ಅಜ್ಜಿ, ಕುರ್ಚಿಯಿಂದಲೇ.

"ಸನ್ಮಾನ ಅಲ್ವಾ ಅಜ್ಜಿ. ಸ್ವಲ್ಪ ಭಯ."

"ಶಾಲು ಹೊದಿಸ್ತಾರೆ, ನೇಣೇನು ಹಾಕಲ್ಲ. ಹೋಗ್ಬಾ."

ಮಧ್ಯಾಹ್ನದ ಬಿಡುವಿನಲ್ಲಿ ಅವರು ಲ್ಯಾಬಿನ ಹತ್ತಿರದ ಅಂಗಡಿಗಳನ್ನೆಲ್ಲ ಬಿಟ್ಟು, ಪರಿಚಯದ ಮುಖ ಒಂದೂ ಸಿಗಬಾರದೆಂದು ಬಸ್ಸಿನಲ್ಲಿ ಆರು ಸ್ಟಾಪು ದಾಟಿ ಹೋದರು. ಅಲ್ಲೊಂದು ಪೈಪು, ನಲ್ಲಿ, ಫಿಲ್ಟರುಗಳ ಅಂಗಡಿ. ಗಲ್ಲಾಪೆಟ್ಟಿಗೆಯ ಮುಂದೆ ಕೂತ ಹೆಂಗಸು ಕನ್ನಡಕವನ್ನು ಮೂಗಿನ ತುದಿಗಿಳಿಸಿ, "ಏನು ಬೇಕಿತ್ತು?" ಎಂದಳು. ಸಾರ್ ಬಾಯಿ ತೆರೆದರು. ಅಷ್ಟರಲ್ಲಿ ಒಳಗಿನ ಸಾಲಿನಿಂದ ಯಾರೋ ಹೊರಬಂದರು. ನೋಡಿದರೆ ಅವರದೇ ಕಟ್ಟಡದ ಮೂರನೇ ಮಹಡಿಯ ನರ್ಸಕ್ಕ.

ಇಬ್ಬರೂ ಒಬ್ಬರನ್ನೊಬ್ಬರು ನೋಡಿ, ಒಂದೇ ಬೆಂಚಿನಡಿ ಅಡಗಿದ ಇಬ್ಬರು ಮಕ್ಕಳ ಹಾಗೆ ಬೆಚ್ಚಿಬಿದ್ದರು.

"ಸಾರ್, ನೀವಿಲ್ಲಿ?" ಎಂದರು ನರ್ಸಕ್ಕ.

"ವಾಷರ್," ಎಂದರು ಸಾರ್. "ನಲ್ಲಿ ಸ್ವಲ್ಪ ಸೋರ್ತಿದೆ. ನೀವು?"

"ನಾನೂ ವಾಷರ್ರೇ. ನಮ್ಮದೂ ಸೋರ್ತಿದೆ."

"ಎಷ್ಟು ಬೇಕು?" ಎಂದಳು ಅಂಗಡಿಯಾಕೆ.

"ಎರಡು," ಎಂದರು ಸಾರ್. ನರ್ಸಕ್ಕ ಹೊರಡಲಿ ಎಂದು ಕಾದರು. ನರ್ಸಕ್ಕ ಹೊರಡಲಿಲ್ಲ. ಅವರು ಗೋಡೆಗೆ ತೂಗುಹಾಕಿದ್ದ ಷವರುಗಳನ್ನು ಒಂದೊಂದಾಗಿ ಮುಟ್ಟಿ ನೋಡುತ್ತಿದ್ದರು. "ಇನ್ನೆರಡು ಕೊಡಿ," ಎಂದರು ಸಾರ್. ನರ್ಸಕ್ಕ ಮೂರು ವಾಷರ್ ಕೇಳಿ ತೆಗೆದುಕೊಂಡರು. ಆಮೇಲೆ ಇಬ್ಬರೂ ಹವೆಯ ಬಗ್ಗೆ ಮಾತಾಡಿದರು. ಅದು ಮುಗಿದ ಮೇಲೆ ಮತ್ತೊಮ್ಮೆ ಹವೆಯ ಬಗ್ಗೆಯೇ ಮಾತಾಡಿದರು.

"ನೀವು ಹೊರಡಿ ಸಾರ್, ನಿಮಗೆ ಆಫೀಸಿಗೆ ತಡ ಆಗುತ್ತೆ."

"ಇಲ್ಲ ಇಲ್ಲ, ನಿಮಗೆ ಡ್ಯೂಟಿ ಇರುತ್ತಲ್ಲ. ನೀವೇ ಹೊರಡಿ."

ಕೊನೆಗೆ ನರ್ಸಕ್ಕನ ಫೋನು ಬಡಿದುಕೊಂಡಿತು. ಅವರು ಒಲ್ಲದ ಮನಸ್ಸಿನಿಂದ ಏಳು ಸಲ ಹಿಂದೆ ನೋಡುತ್ತಾ ಹೋದರು.

"ಈಗ ಹೇಳಿ," ಎಂದಳು ಅಂಗಡಿಯಾಕೆ. "ವಾಷರ್ ತಗೊಳೋ ಮುಖ ಅಲ್ಲ ನಿಮ್ದು."

ಐಸ್ ಮೆಷಿನ್ನಿನ ಫಿಲ್ಟರ್ ಒಂದೊಂದಾಗಿ ಬರುತ್ತಿರಲಿಲ್ಲ. ಎರಡರ ಪೆಟ್ಟಿಗೆ. ಅದರ ಮೇಲೆ ಊರಗಲ ಅಕ್ಷರದಲ್ಲಿ 'ನೀರಿನ ಫಿಲ್ಟರ್' ಎಂದು ಬರೆದು, ಅದರ ಕೆಳಗೆ, ಹೊಳೆಯುವ ಹನಿಯೊಂದರ ಪಕ್ಕ, ನಲ್ಲಿಯ ಚಿತ್ರ ಬರೆದು ಅದಕ್ಕೆ ಅಡ್ಡಗೆರೆ ಎಳೆದಿದ್ದರು. ನಲ್ಲಿ ಸಾರ್ ಆ ಪೆಟ್ಟಿಗೆಯನ್ನು ಅಂಗಡಿಯ ಹಿಂದಿನ ಗಲ್ಲಿಗೆ ಒಯ್ದು, ಚೂರು ಚೂರಾಗಿ ಹರಿದು, ಒಳಗೆ ಮಡಿಸಿಟ್ಟಿದ್ದ ಉದ್ದನೆಯ ಕಾಗದವನ್ನೂ ಬಿಚ್ಚದೆ ಹರಿದು, ಎಲ್ಲವನ್ನೂ ಮೂರು ಬೇರೆ ಬೇರೆ ಕಸದ ಬುಟ್ಟಿಗಳಿಗೆ ಹಾಕಿದರು. ಎರಡು ಫಿಲ್ಟರುಗಳನ್ನು ಖಾಲಿಯಾದ ಊಟದ ಡಬ್ಬಿಯಲ್ಲಿಟ್ಟು ಮುಚ್ಚಿದರು. ಕೊಲೆ ಮಾಡಿದವನೂ ಇಷ್ಟು ಅಚ್ಚುಕಟ್ಟಾಗಿ ಕುರುಹು ಅಳಿಸಿರಲಾರ ಎಂದು ಅವರಿಗೇ ಅನ್ನಿಸಿತು.

ಅರ್ಧ ದಿನ ರಜೆ ಹಾಕಿ ಮೂರು ಗಂಟೆಗೆ ಮನೆ ಮುಟ್ಟಿದರೆ, ಮೆಟ್ಟಿಲ ಬುಡದಲ್ಲಿ ಅಜ್ಜಿಯ ಜೊತೆಗೆ ಸೆಕ್ರೆಟರಿಯೂ ಇದ್ದ. ಮೈಕ್ ಸೆಟ್ ಬಾಡಿಗೆಗೆ ಕೊಡುವುದು ಅವನ ಕಸುಬು. ಮೈಕಿಲ್ಲದಿದ್ದರೂ ಮೈಕಿನ ಮುಂದೆ ನಿಂತವನ ಹಾಗೆಯೇ ಮಾತಾಡುತ್ತಿದ್ದ.

"ಬಂದರು, ಬಂದರು, ಇಂದಿನ ಸನ್ಮಾನಿತರು ಬಂದರು. ಕೊಡಿ ಸಾರ್ ಬ್ಯಾಗು. ಇವತ್ತು ನೀವು ಒಂದು ಹುಲ್ಲುಕಡ್ಡಿ ಎತ್ತಕೂಡದು."

"ಬೇಡಪ್ಪ, ಹಗುರಾನೇ ಇದೆ."

"ಕೊಡಿ ಸಾರ್." ಅವನು ಬ್ಯಾಗಿನ ಒಂದು ಕಿವಿ ಹಿಡಿದ. ಸಾರ್ ಇನ್ನೊಂದು ಕಿವಿ ಬಿಡಲಿಲ್ಲ. ಗೌರವ ಕೊಡುವವನಿಗೂ ಬೇಡವೆನ್ನುವವರಿಗೂ ಅರ್ಧ ನಿಮಿಷ ಜಗ್ಗಾಟ ನಡೆಯಿತು. ಡಬ್ಬಿಯೊಳಗೆ ಫಿಲ್ಟರುಗಳು ಲೊಟ್ ಲೊಟ್ ಎಂದವು.

"ಡಬ್ಬೀಲಿ ಏನದು ಬಡ್ಕೊಳ್ತಿರೋದು?" ಎಂದರು ಅಜ್ಜಿ.

"ಸೌತೆಕಾಯಿ, ಅಜ್ಜಿ." ಬೇರೇನೂ ತೋಚಲಿಲ್ಲ. "ಎರಡು."

"ತಾ, ಒಂದು ಹೋಳು ಕೊಡು. ಬಾಯಿ ಒಣಗಿದೆ."

"ಕಹಿ ಅಜ್ಜಿ. ತುಂಬಾ ಕಹಿ."

"ಕಹಿ ಸೌತೆಕಾಯಿ ಮನೆಗ್ಯಾಕೆ ಹೊತ್ಕೊಂಡು ಬಂದೆ?"

"ಬಿಸಾಡೋಕೆ ಮನಸ್ಸು ಬರ್ಲಿಲ್ಲ."

ಅಜ್ಜಿ ಅವರನ್ನು ಮೇಲಿಂದ ಕೆಳಗಿನವರೆಗೆ ನೋಡಿದರು. "ನಿಂಗೆ ಹೆಂಡತಿ ಒಳ್ಳೇವಳು ಸಿಕ್ಕಿದಾಳೆ," ಎಂದಷ್ಟೇ ಹೇಳಿದರು. ಆ ಮಾತಿನ ಅರ್ಥ ಹುಡುಕುತ್ತ ನಿಲ್ಲದೆ ಸಾರ್ ಎರಡೆರಡು ಮೆಟ್ಟಿಲು ಹಾರಿ ಮೇಲೆ ಹೋದರು.

ಹೊಸ ಫಿಲ್ಟರ್ ಕೂತದ್ದೇ ಕೆಂಪು ದೀಪ ಆರಿ ಹಸಿರಾಯಿತು. ಹತ್ತು ನಿಮಿಷಕ್ಕೆ ಟಪ್ ಟಪ್ ಎಂದು ಒಂಬತ್ತು ತುಂಡುಗಳು ಬಿದ್ದವು. ನಲ್ಲಿ ಸಾರ್ ಅಡುಗೆಮನೆಯ ಸ್ಟೂಲಿನ ಮೇಲೆ ಕುಸಿದರು. ಲೋಕದ ಮೇಲೆಲ್ಲ ಅವರಿಗೆ ಕೃತಜ್ಞತೆ ಉಕ್ಕಿತು. ಆರು ಸ್ಟಾಪು ಕರೆದೊಯ್ದ ಬಸ್ಸಿನ ಮೇಲೆ, ಸರಿಯಾದ ಹೊತ್ತಿಗೆ ನರ್ಸಕ್ಕನಿಗೆ ಫೋನು ಮಾಡಿದ ಯಾರೋ ಪುಣ್ಯಾತ್ಮನ ಮೇಲೆ, ಕಹಿ ಸೌತೆಕಾಯಿ ನಂಬಿದ ಅಜ್ಜಿಯ ಮೇಲೆ.

"ಪೆಟ್ಟಿಗೇಲಿ ಒಂದು ಕಾಗದ ಇತ್ತಲ್ಲ, ಓದಿದ್ರಾ?" ಎಂದಳು ಹೆಂಡತಿ, ತುಂಡುಗಳನ್ನು ಡಬ್ಬಕ್ಕೆ ತುಂಬುತ್ತಾ. "ತಮ್ಮ ಅದೇನೋ ಓದಿಕೊಂಡೇ ಹಾಕಿದ್ದ."

"ಹರಿದು ಹಾಕ್ದೆ. ಕೊಳವೆ ತಿರುಗಿಸೋಕೆ ಕಾಗದ ಬೇಕಾ? ಇಪ್ಪತ್ತಾರು ವರ್ಷ ನೀರಲ್ಲೇ ಕೆಲಸ ಮಾಡಿದೀನಿ."

ಅವಳು ಡಬ್ಬದ ಮುಚ್ಚಳ ಹಾಕಿದಳು. ನಿಂಬೆಹಣ್ಣು ಹಿಂಡತೊಡಗಿದಳು.

ಐದೂವರೆಗೆ ತಾರಸಿಯ ಮೇಲೆ ಹನ್ನೆರಡೂ ಮನೆಯವರು ಸೇರಿದ್ದರು. ಅಜ್ಜಿಯನ್ನು ಅವರ ಬೆತ್ತದ ಕುರ್ಚಿ ಸಮೇತ ನಾಲ್ಕು ಜನ ಹೊತ್ತು ತಂದು ಮುಂದಿನ ಸಾಲಿನಲ್ಲಿ ಇಳಿಸಿದ್ದರು. ಮೈಕು ಎರಡು ಸಲ ಕಿರುಚಿ ಸುಮ್ಮನಾಯಿತು. ಟೈಲರ್ ತನ್ನ ಎರಡು ವರ್ಷದ ಅವಳಿಗಳನ್ನು ಒಂದೊಂದು ತೋಳಿನಲ್ಲಿ ಎತ್ತಿಕೊಂಡು ಮುಂದೆ ಬಂದು, ಮೈಕು ಹಿಡಿಯಲು ಕೈ ಖಾಲಿ ಇಲ್ಲದೆ, ಸುಮ್ಮನೆ ಸಾರ್ ಮುಂದೆ ನಿಂತ. "ಇವರಿಬ್ಬರು ಇದಾರೆ ಸಾರ್," ಎಂದ. ಅಷ್ಟೇ ಅವನ ಭಾಷಣ. ಕೂಸುಗಳಲ್ಲೊಂದು ಸಾರ್ ಕನ್ನಡಕಕ್ಕೆ ಕೈ ಹಾಕಿತು. ಸಾರ್ ಕಣ್ಣು ತೇವವಾಯಿತು.

ಸೆಕ್ರೆಟರಿ ಹಿತ್ತಾಳೆಯ ಫಲಕವನ್ನು ಎತ್ತಿ ಹಿಡಿದು ಓದಿದ. "ನಮ್ಮ ನಲ್ಲಿ ಸಾರ್ ಅವರಿಗೆ. ತಮ್ಮ ಮಾತನ್ನು ನಂಬಿ, ಯಾವ ಫಿಲ್ಟರಿನ ಹಂಗೂ ಇಲ್ಲದೆ, ನಲ್ಲಿಯ ನೀರನ್ನೇ ಕುಡಿಯುತ್ತಿರುವ ಹನ್ನೊಂದು ಮನೆಗಳ ಕೃತಜ್ಞತೆ." ಚಪ್ಪಾಳೆ ಜೋರಾಯಿತು. ನಲ್ಲಿ ಸಾರ್‌ಗೆ ಆ ಒಂದೊಂದು ಚಪ್ಪಾಳೆಯೂ ಕೆನ್ನೆಯ ಮೇಲೆ ಬಿದ್ದ ಹಾಗಾಗುತ್ತಿತ್ತು.

ಹೆಂಡತಿ ಶರಬತ್ತು ಹಂಚಿದಳು. ಪ್ರತಿ ಲೋಟದಲ್ಲಿ ಎರಡೆರಡು ಐಸ್ ತುಂಡು. ಈಗ ಸಾರ್ ಮಾತಾಡಬೇಕು. ಅವರು ರೂಢಿಯಂತೆ ಲೋಟವನ್ನು ಇಳಿಬಿಸಿಲಿಗೆ ಎತ್ತಿ ಹಿಡಿದು, "ನೋಡಿ, ಈ ಐಸ್," ಎಂದು ಶುರುಮಾಡಿದರು. ಎಲ್ಲರೂ ತಮ್ಮ ತಮ್ಮ ಲೋಟಗಳನ್ನು ಬಿಸಿಲಿಗೆ ಹಿಡಿದು ನೋಡಿದರು.

ಐಸ್ ಕರಗುತ್ತಿತ್ತು. ಕರಗಿದ ಕಡೆಯಿಂದ ಕರಿ ಕರಿ ಚುಕ್ಕೆಗಳು ಒಂದೊಂದಾಗಿ ಬಿಡಿಸಿಕೊಂಡು, ಶರಬತ್ತಿನಲ್ಲಿ ನಿಧಾನವಾಗಿ ತಳಕ್ಕಿಳಿಯುತ್ತಿದ್ದವು. ನಲವತ್ತು ಲೋಟಗಳ ತಳದಲ್ಲೂ, ಪೆನ್ಸಿಲ್ ಕೆತ್ತಿ ಉದುರಿಸಿದ ಹಾಗೆ, ಕರಿ ಪುಡಿ ಕೂತಿತ್ತು.

ಟೈಲರ್‌ನ ಹೆಂಡತಿ ಕೂಸುಗಳ ಕೈಯಿಂದ ಮೆಲ್ಲಗೆ ಲೋಟ ಕಸಿದುಕೊಂಡಳು. ಅದನ್ನು ನಲ್ಲಿ ಸಾರ್ ನೋಡಿದರು. ಎರಡು ವರ್ಷದ ಹಿಂದಿನ ಆ ಬೆಳಗಿನ ಭಯ ಅವಳ ಮುಖದಲ್ಲಿ ಮತ್ತೆ ಮೂಡಿತ್ತು. ಪೈಪು ಮತ್ತೆ ಒಡೆದಿದೆ ಎನ್ನಬಹುದಿತ್ತು, ಟ್ಯಾಂಕಿನಲ್ಲಿ ಏನೋ ಬಿದ್ದಿದೆ ಎನ್ನಬಹುದಿತ್ತು. ಅವರ ಮಾನ ಉಳಿಯುತ್ತಿತ್ತು. ಆದರೆ ಬೆಳಿಗ್ಗೆ ಅವರೇ ಕೈಯಾರೆ ಪರೀಕ್ಷಿಸಿದ ನೀರು ಅದು. ಇಪ್ಪತ್ತಾರು ವರ್ಷ ತಮಗೆ ಅನ್ನ ಹಾಕಿದ ನೀರಿನ ಮೇಲೆ ಸುಳ್ಳು ಹೊರಿಸಲು ಅವರ ನಾಲಿಗೆ ಏಳಲಿಲ್ಲ.

"ಯಾರೂ ಹೆದರ್ಬೇಡಿ," ಎಂದರು ಮೈಕಿನಲ್ಲಿ. ದನಿ ಇಡೀ ಬೀದಿಗೆ ಕೇಳಿಸಿತು. "ಇದು ನೀರಿನ ತಪ್ಪಲ್ಲ. ನೀರು ಚೆನ್ನಾಗಿದೆ. ತಪ್ಪು ನನ್ನದು. ನಮ್ಮ ಐಸ್ ಮೆಷಿನ್ನಲ್ಲಿ ಫಿಲ್ಟರ್ ಇದೆ. ನನಗೆ ಇವತ್ತು ಬೆಳಿಗ್ಗೆವರೆಗೆ ಗೊತ್ತಿರ್ಲಿಲ್ಲ. ಗೊತ್ತಾದ ಮೇಲೂ ನಿಮ್ಮಿಂದ ಮುಚ್ಚಿಟ್ಟು ಹೊಸದು ತಂದು ಹಾಕ್ದೆ. ಈ ಕೊಳೆ ನಲ್ಲಿಯಿಂದ ಬಂದಿದ್ದಲ್ಲ. ಆ ಫಿಲ್ಟರಿಂದ ಬಂದಿದ್ದು. ಈ ಸನ್ಮಾನಕ್ಕೆ ನಾನು ಯೋಗ್ಯ ಅಲ್ಲ."

ತಲೆ ತಗ್ಗಿಸಿ ನಿಂತರು. ಮೈಕು ಕುಂಯ್ ಎಂದಿತು.

"ಸಾರ್," ಎಂದರು ನರ್ಸಕ್ಕ ಎರಡನೇ ಸಾಲಿನಿಂದ, ಮೆಲ್ಲಗೆ. "ಎಷ್ಟು ಬಕೆಟ್ ನೀರು ಬಿಟ್ರಿ?"

"ಯಾವ ಬಕೆಟ್?"

"ಹೊಸ ಫಿಲ್ಟರ್ ಹಾಕೋ ಮುಂಚೆ ಅದರೊಳಗೆ ಮೂರು ಬಕೆಟ್ ನೀರು ಬಿಟ್ಟು ಚೆಲ್ಬೇಕು. ಒಳಗಿರೋದು ಇದ್ದಿಲ ಪುಡಿ. ಮೊದಲು ಸ್ವಲ್ಪ ಉದುರುತ್ತೆ. ಏನೂ ಆಗಲ್ಲ, ಹೊಟ್ಟೆಗೆ ಹೋದ್ರೂ ತೊಂದರೆ ಇಲ್ಲ."

"ಮೂರು ಸಾಲಲ್ಲ ಅಕ್ಕ," ಎಂದ ಟೈಲರ್. "ನಾನು ನಾಲ್ಕು ಬಿಡ್ತೀನಿ. ಮಕ್ಕಳಿದಾರಲ್ಲ."

"ಬಕೆಟ್ ಯಾಕೆ," ಎಂದ ಸೆಕ್ರೆಟರಿ. "ಒಂದು ರಾತ್ರಿ ನೆನೆಸಿಡಿ ಸಾಕು. ಕಾಗದದಲ್ಲೇ ಬರೆದಿರ್ತಾ..."

ಅವನ ಮಾತು ಅಲ್ಲಿಗೇ ನಿಂತಿತು. ಕೆಲವರು ತಮ್ಮ ಚಪ್ಪಲಿಗಳನ್ನು, ಕೆಲವರು ಆಕಾಶವನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದರು.

ನಲ್ಲಿ ಸಾರ್ ಮೈಕನ್ನು ಹಿಡಿದೇ ಕೇಳಿದರು. "ನಿಮಗೆಲ್ಲ ಇದು ಹೇಗೆ ಗೊತ್ತು?"

ಮೊದಲು ನರ್ಸಕ್ಕ ಕೈ ಎತ್ತಿದರು. ಆಮೇಲೆ ಟೈಲರ್. ಆಮೇಲೆ ಎರಡನೇ ಮಹಡಿಯವರು ಸಾಲಾಗಿ. ಸೆಕ್ರೆಟರಿ ಒಂದು ಕೈ ಎತ್ತಿ, ಇನ್ನೊಂದು ಕೈಯಿಂದ ಹಿತ್ತಾಳೆ ಫಲಕದಲ್ಲಿ 'ಫಿಲ್ಟರ್' ಎಂದಿದ್ದ ಸಾಲನ್ನು ಮುಚ್ಚಿಕೊಂಡ. ನಲ್ಲಿ ಸಾರ್ ಎಣಿಸಿದರು. ಹತ್ತು ಮನೆ.

"ಎಲ್ಲಿ ಇಟ್ಟಿದೀರಿ? ನಾನು ನಿಮ್ಮ ಮನೆಗಳಿಗೆಲ್ಲ ಬಂದಿದೀನಿ. ಒಂದಿನಾನೂ ಕಣ್ಣಿಗೆ ಬಿದ್ದಿಲ್ಲ."

"ಬೀರುವಿನೊಳಗೆ," ಎಂದರು ಒಬ್ಬರು. "ಅಕ್ಕಿ ಡ್ರಮ್ಮಿನ ಹಿಂದೆ," ಎಂದರು ಇನ್ನೊಬ್ಬರು. "ಸ್ಟೆಬಿಲೈಸರ್ ಅಂತ ಹೇಳಿದ್ದೆ ನಿಮಗೆ," ಎಂದ ಟೈಲರ್. "ಬಟ್ಟೆ ಹೊದಿಸಿ ಇಟ್ಟಿದೀನಲ್ಲ, ಅದು."

"ಆ ದಿನ ಆದ್ಮೇಲೆ ನಮಗೆ ಭಯ ಹೋಗ್ಲೇ ಇಲ್ಲ ಸಾರ್," ಎಂದರು ನರ್ಸಕ್ಕ. "ನೀರಿನ ಮೇಲೆ ಸಂಶಯ ಇಲ್ಲ, ನಿಮ್ಮ ಮೇಲಂತೂ ಇಲ್ವೇ ಇಲ್ಲ. ಭಯ, ಅಷ್ಟೇ. ನೀವು ಬನಿಯನ್ನಲ್ಲಿ ಬಂದು ಬಾಗಿಲು ಬಡಿದು ನಮ್ಮನ್ನೆಲ್ಲ ಉಳಿಸಿದೋರು. ನಿಮ್ಮ ಮುಖ ನೋಡ್ಕೊಂಡು, ಫಿಲ್ಟರ್ ತಂದೆವು ಅಂತ ಹೇಳೋಕೆ ಯಾರಿಗೂ ಬಾಯಿ ಬರ್ಲಿಲ್ಲ. ನೀವು ಬೆಲ್ ಮಾಡಿದ್ರೆ ಮೊದಲು ಅದನ್ನ ಮುಚ್ಚಿ, ಆಮೇಲೆ ಬಾಗಿಲು ತೆಗೀತಿದ್ವಿ. ಇವತ್ತು ಅಂಗಡೀಲಿ ನಿಮ್ಮನ್ನ ನೋಡಿ ನನ್ನ ಜೀವವೇ ಹೋಗಿತ್ತು."

"ನನ್ನದೂ," ಎಂದರು ಸಾರ್.

ಯಾರೋ ನಕ್ಕರು. ಆಮೇಲೆ ಎಲ್ಲರೂ ನಕ್ಕರು. ನಲ್ಲಿ ಸಾರ್‌ಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಹತ್ತು ಮನೆಯವರು ಎರಡು ವರ್ಷ, ತಮ್ಮ ಮನಸ್ಸು ನೋಯಬಾರದೆಂದು, ಕದ್ದ ಮಾಲಿನ ಹಾಗೆ ಫಿಲ್ಟರುಗಳನ್ನು ಬಚ್ಚಿಟ್ಟು ಬದುಕಿದ್ದರು. ಇಷ್ಟು ಕಷ್ಟಪಟ್ಟು ತಮ್ಮನ್ನು ಯಾರೂ ಗೌರವಿಸಿರಲಿಲ್ಲ. ಅವರು ಕರಿ ಚುಕ್ಕೆಯ ಶರಬತ್ತನ್ನು ಒಂದೇ ಗುಟುಕಿಗೆ ಕುಡಿದರು.

ಆಗ ಅವರಿಗೆ ಲೆಕ್ಕ ನೆನಪಾಯಿತು. ತಮ್ಮದನ್ನು ಬಿಟ್ಟರೆ ಹನ್ನೊಂದು ಮನೆ. ಎದ್ದದ್ದು ಹತ್ತು ಕೈ.

ಮುಂದಿನ ಸಾಲಿನಲ್ಲಿ ಅಜ್ಜಿ ಎರಡೂ ಕೈಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು.

"ಅಜ್ಜಿ, ನಿಮ್ಮನೇಲಿ?"

"ನಮ್ಮನೇಲಿ ಏನಿದೆ? ನಲ್ಲಿ ಇದೆ, ಲೋಟ ಇದೆ."

"ಎರಡು ವರ್ಷದಿಂದ ಹಾಗೇ ಕುಡೀತಿದೀರಾ?"

"ನೀನು ಬರೆದಿದ್ದೀಯಲ್ಲ ಹಲಗೆ ಮೇಲೆ. ಬೆಳಿಗ್ಗೆ ಎದ್ದು ಕುರ್ಚಿ ಹಾಕ್ಕೊಂಡು ಕಾಯ್ತೀನಿ. ನೀನು ಬಂದು ಬರೀತೀಯ. ಆಮೇಲೆ ಒಳಗೆ ಹೋಗಿ ಕುಡೀತೀನಿ. ಹೋದ ವರ್ಷ ನೀನು ಜ್ವರ ಬಂದು ಮಲಗಿದ್ದೆ ನೋಡು, ಆವತ್ತು ನಾನು ಹತ್ತೂವರೆವರೆಗೆ ಬಾಯಿ ಒಣಗಿಸ್ಕೊಂಡು ಕೂತಿದ್ದೆ. ಕೊನೆಗೆ ನಿನ್ನ ಹೆಂಡತಿ ಇಳಿದು ಬಂದು ಬರೆದ್ಲು."

ಮೆಟ್ಟಿಲ ಬುಡದ ಆ ಕುರ್ಚಿ ಬಂದವರ ಚೀಲ ಇಣುಕುವುದಕ್ಕೆಂದೇ ಇದೆ ಎಂದು ನಲ್ಲಿ ಸಾರ್ ಎರಡು ವರ್ಷ ತಿಳಿದಿದ್ದರು. ಅದು ಅವರ ಸೀಮೆಸುಣ್ಣಕ್ಕಾಗಿ ಕಾಯುವ ಕುರ್ಚಿಯಾಗಿತ್ತು. ಅವರು ಹೋಗಿ ಅಜ್ಜಿಯ ಪಕ್ಕ ನೆಲದ ಮೇಲೆಯೇ ಕೂತರು. ಹತ್ತು ಮನೆ ಹೋದರೆ ಹೋಗಲಿ, ಈ ಒಂದು ಮನೆ ಸಾಕು ಎನ್ನಿಸಿತು.

"ನಿಮ್ಮ ಋಣ ನಾನು ಹೇಗೆ ತೀರಿಸ್ಲಿ ಅಜ್ಜಿ?"

ಅಜ್ಜಿ ತಮ್ಮ ಲೋಟದ ತಳವನ್ನು ಒಮ್ಮೆ ನೋಡಿದರು. ಸುತ್ತ ಇದ್ದ ಹತ್ತು ಮನೆಯವರನ್ನು ನೋಡಿದರು. ಕೊನೆಗೆ ನಲ್ಲಿ ಸಾರ್ ಅವರನ್ನು ನೋಡಿದರು.

"ಡಬ್ಬೀಲಿ ಎರಡಿತ್ತು ಅಂದ್ಯಲ್ಲ, ಕಹಿ ಸೌತೆಕಾಯಿ. ಒಂದು ನಿನ್ನ ಯಂತ್ರಕ್ಕೆ ಹಾಕ್ದೆ. ಇನ್ನೊಂದು ನಾಳೆ ಬೆಳಿಗ್ಗೆ ತಂದು ನಮ್ಮನೆ ನಲ್ಲಿಗೆ ಹಾಕ್ಬಿಡು. ಮೂರು ಬಕೆಟ್ ಬಿಟ್ಟು ಹಾಕು.  ಇನ್ಮೇಲೆ ಬೆಳಿಗ್ಗೆ ಬೆಳಿಗ್ಗೆ ಬಾಯಿ ಒಣಗಿಸ್ಕೊಂಡು ಚಳೀಲಿ ಕೂರೋದು ತಪ್ಪುತ್ತೆ."

ನಲ್ಲಿ ಸಾರ್, ಮುಳುಗುವವನು ಕೊನೆಯ ಸಲ ತಲೆಯೆತ್ತಿದ ಹಾಗೆ, "ಅದು ಮೆಷಿನ್ನಿಂದು ಅಜ್ಜಿ. ನಲ್ಲಿಗೆ ಕೂರಲ್ಲ. ಸಡಿಲ ಆಗುತ್ತೆ," ಎಂದರು.

"ಕೂರುತ್ತೆ ಸಾರ್," ಎಂದರು ನರ್ಸಕ್ಕ ಹಿಂದಿನಿಂದ. "ನಾಲ್ಕು ವಾಷರ್ ಹಾಕಿ ಬಿಗಿ ಮಾಡಿದ್ರೆ ಚೆನ್ನಾಗಿ ಕೂರುತ್ತೆ."

ಇಡೀ ತಾರಸಿ ಅವರನ್ನೇ ನೋಡುತ್ತಿತ್ತು. ನಲ್ಲಿ ಸಾರ್ ಮೆಲ್ಲಗೆ ಅಂಗಿಯ ಜೇಬಿಗೆ ಕೈ ಹಾಕಿದರು. ನಾಲ್ಕೂ ಅಲ್ಲಿಯೇ ಇದ್ದವು.